ಕೋಳಿ ಸಾಹೇಬನ ಟೇಪು

ಕಾನಹೊಸಹಳ್ಳಿ
12-11-2025, ಬುಧವಾರ

ಪ್ರೀತಿಯ ಅಜ್ಜಿ,

ಶಿವಮ್ಮತ್ತೆಯ ಮನೆಯಲ್ಲಿ ಹೇಗಿದ್ದೀ? ಮೊಣಕಾಲಿನ ಬಾವು ಇಳಿಯಿತೇ? ಬಲಗಣ್ಣಿಗೆ ಬಿಡುವ ಹನಿ ಔಷಧಿಯನ್ನು ಮನೆಯ ದೇವರ ಗೂಡಿನಲ್ಲೇ ಬಿಟ್ಟು ಹೋಗಿದ್ದೀ. ಅದರ ಹೆಸರಿನ ಫೋಟೋ ತೆಗೆದು ಅರ್ಚನಾಳ ಫೋನಿಗೆ ಕಳಿಸಿದ್ದೇನೆ, ಹರಪನಹಳ್ಳಿಯ ಯಾವ ಔಷಧಿ ಅಂಗಡಿಯಲ್ಲಾದರೂ ಸಿಗುತ್ತದೆ. ನೀನು ಹೋಗಿ ಇವತ್ತಿಗೆ ಎಂಟು ದಿನ. ಹಿತ್ತಲ ಸೀತಾಫಲದ ಗಿಡಕ್ಕೆ ಕರಡಿ ಬಂದು ಉಳಿದ ನಾಲ್ಕು ಹಣ್ಣನ್ನೂ ತಿಂದು ಹೋಗಿದೆ. ಅವ್ವ ಅದಕ್ಕೂ ನನ್ನನ್ನೇ ಬೈದಳು, ನೀನು ಇದ್ದಿದ್ದರೆ ಕರಡಿ ಬರುತ್ತಿರಲಿಲ್ಲವಂತೆ, ನೀನು ಹೋಗಿದ್ದು ನನ್ನಿಂದಲೇ ಅಂತೆ. ಎರಡನೆಯದು ನಿಜ. ಫೋನಿನಲ್ಲಿ ನಾನು ಆ ವಿಷಯ ತೆಗೆದ ಕೂಡಲೇ ನೀನು "ಹಲೋ ಹಲೋ, ಕೇಳವಲ್ದು" ಎಂದು ಫೋನನ್ನು ಅರ್ಚನಾಳ ಕೈಗೆ ಕೊಟ್ಟುಬಿಡುತ್ತೀ. ಕಾಗದವನ್ನು ಹಾಗೆ ಮಾಡಲು ಬರುವುದಿಲ್ಲ ಎಂದು ಇದನ್ನು ಬರೆಯುತ್ತಿದ್ದೇನೆ. ಅರ್ಚನಾ, ಅಜ್ಜಿಗೆ ಓದಿ ಹೇಳುವವಳು ನೀನೇ. ಒಂದು ಸಾಲೂ ಹಾರಿಸಬೇಡ. "ಸಾಕು, ಮಡಚಿಡು" ಎಂದರೂ ಓದು. ಬೈಗುಳ ಬಿದ್ದರೆ ನನಗೆ ಕಳಿಸು.

ಮೊದಲು ನನ್ನ ತಪ್ಪು. ಗುರುಬಸವರಾಜ ಸಾಹುಕಾರರು ಕಳೆದ ತಿಂಗಳ ಕೊನೆಯಲ್ಲಿ ಇಲ್ಲಿ ಕಾನಹೊಸಹಳ್ಳಿಯಲ್ಲಿ ನಾನು ಕೆಲಸ ಮಾಡುವ ಮಂಜಣ್ಣನ ಮೈಕ್‌ಸೆಟ್ ಅಂಗಡಿಗೆ ಬಂದು, ಕೂಡ್ಲಿಗಿಯಲ್ಲಿ ತಾವು ಅಪ್ಪನ ಹೆಸರಿನಲ್ಲಿ ಕಟ್ಟಿಸಿದ ಬಯಲು ರಂಗಮಂದಿರ ಇದೇ ಇಪ್ಪತ್ಮೂರರ ಭಾನುವಾರ ಉದ್ಘಾಟನೆ, ಅಮೆರಿಕದಿಂದ ಅತಿಥಿ ಬರುತ್ತಾರೆ, ಸುತ್ತಲ ತಾಲ್ಲೂಕಿಗೆಲ್ಲ ಪ್ರಚಾರ ಆಗಬೇಕು ಎಂದು ಒಂದು ಹಾಳೆ ಕೊಟ್ಟರು. ಹಾಳೆಯಲ್ಲಿದ್ದುದನ್ನು ನಾನು ಗಂಟಲು ಸರಿಮಾಡಿಕೊಂಡು ಓದಿ ರೆಕಾರ್ಡ್ ಮಾಡಿದೆ. "ಸಾಗರದಾಚೆಗೂ ನಮ್ಮ ಪದವನ್ನು ಮುಟ್ಟಿಸಿದ ಜನಪದ ಕವಿ, ಗುಡೇಕೋಟೆಯ ದಿವಂಗತ ಹಾಲಸ್ವಾಮಿಯವರ ಹೆಸರಿನ ರಂಗಮಂದಿರ" ಎನ್ನುವ ಮಾತು. ಎರಡು ದಿನ ಆಟೋದ ಮೇಲೆ ಹಾರ್ನ್ ಕಟ್ಟಿಕೊಂಡು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸುತ್ತಿ, ಹಡಗಲಿಯ ಬಸ್ ನಿಲ್ದಾಣದ ಎದುರು ಅರ್ಧ ಗಂಟೆ ನಿಂತು ಕೂಗಿಸಿದೆ. ನನ್ನ ದನಿ ಚೆನ್ನಾಗಿದೆ ಎಂದು ಹಂಪಸಾಗರದಲ್ಲಿ ಒಬ್ಬರು ಚಹಾ ಕುಡಿಸಿದರು, ಕುಡಿದೆ. ನಮ್ಮೂರು ಗುಡೇಕೋಟೆಗೂ ಬಂದೆ. ನೀನು ಕಟ್ಟೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಕೇಳಿದವಳು ತಲೆ ಎತ್ತಿ ಆಟೋ ನೋಡಿದೆ, ನನ್ನನ್ನು ನೋಡಿದೆ, ಮತ್ತೆ ಕಾಯಿ ಸುಲಿದೆ. ಅವತ್ತು ನನಗೆ ಏನೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಅದಾದ ಸೋಮವಾರ. ಸಾಹುಕಾರರು ಸಮಾರಂಭದಲ್ಲಿ ಹಾಕಲು ಒಂದು ಪೆನ್‌ಡ್ರೈವ್ ಕೊಟ್ಟಿದ್ದರು, ಅಮೆರಿಕದಿಂದ ಬಂದದ್ದು. ಮೊದಲ ಆರು ನಿಮಿಷದ ಹಾಡು ಸಾಕು, ಉಳಿದಿದ್ದು ಬೇಡ ಎಂದಿದ್ದರು. ದನಿ ಸರಿ ಇದೆಯೇ ಎಂದು ನೋಡಲು ಹೆಡ್‌ಫೋನ್ ಹಾಕಿದೆ. ಗಾಳಿಯ ಸದ್ದು, ಕಳೆ ತೆಗೆಯುವ ಕುರ್ಪಿ ಕಲ್ಲಿಗೆ ತಾಗುವ ಸದ್ದು, ಆಮೇಲೆ ಒಬ್ಬಳ ದನಿ: "ಕಸ ಯಾವುದೇ ತಂಗಿ, ಸಸಿ ಯಾವುದೇ, ಕಣ್ಣಿಟ್ಟು ಕೀಳವ್ವ ಕೈಮರೆಯದೆ." ಹಿಂದೆ ಏಳೆಂಟು ಹೆಂಗಸರು ಎತ್ತಿಕೊಳ್ಳುತ್ತಾರೆ. ಮುಂದಿನ ಸಾಲಿಗೆ ಹೋಗುವ ಮುನ್ನ ಆ ದನಿ ಹಾಡು ನಿಲ್ಲಿಸಿ ಬೈಯುತ್ತದೆ: "ಲೇ ದುರುಗಾ, ಬದುವಿನ ಮ್ಯಾಲೆ ಕುಂದ್ರಂದ್ರ ಕುಂದ್ರಬೇಕು!" ಅಜ್ಜಿ, ಹಾಡುವ ದನಿ ಯಾರದೋ ಇರಬಹುದು ಎಂದುಕೊಳ್ಳುತ್ತಿದ್ದೆನೋ ಏನೋ. ಬೈಯುವ ದನಿಯಲ್ಲಿ ನನಗೆ ಅನುಮಾನವೇ ಬರಲಿಲ್ಲ. ಇಪ್ಪತ್ತು ವರ್ಷ ಕೇಳಿದ್ದೇನೆ.

ಮನೆಗೆ ಬಂದು ಕೇಳಿದರೆ ನೀನು ಏನೆಂದೆ? "ಹೊಲ ಅವರ್ದು, ಹೆಸ್ರು ಅವರ್ದು. ನಂದೇನೈತಿ ಅದ್ರಾಗ?" ಎಂದೆ. ಬೆಳಗಾದರೆ ಚೀಲ ಹಿಡಿದು ಹರಪನಹಳ್ಳಿಯ ದಾರಿ ಹಿಡಿದೆ. ನಾನು ಓದು ಬಿಟ್ಟವನೆಂದು ಊರೆಲ್ಲ ಆಡಿಕೊಳ್ಳುತ್ತದೆ. ನೀನು ಊರೇ ಬಿಟ್ಟೆಯಲ್ಲ, ನಿನ್ನನ್ನು ಯಾರು ಕೇಳಬೇಕು?

ಆ ಟೇಪು ಮಾಡಿದ ಕೋಳಿ ಸಾಹೇಬನನ್ನು ನೀನು ನೋಡಿದ್ದೀ, ನಾನು ನೋಡಿಲ್ಲ. ಆದರೆ ಅವನ ಬದುಕು ನಿನಗಿಂತ ನನಗೆ ಹೆಚ್ಚು ಗೊತ್ತು, ಕೇಳು. ಅವನ ಹೆಸರು ಆರಿನ್ ಟ್ಯಾಕೆಟ್. ಅಮೆರಿಕದಲ್ಲಿ ಕೆಂಟಕಿ ಎಂಬ ಕಡೆ ಗುಡ್ಡಗಾಡಿನ ಹಳ್ಳಿ ಅವನದು. ಅಪ್ಪ ಕಲ್ಲಿದ್ದಲ ಗಣಿಯಲ್ಲಿ ಕೆಮ್ಮುತ್ತ ಸತ್ತ. ಅಜ್ಜನದೊಂದು ಬ್ಯಾಂಜೊ ಇತ್ತು, ತಮಟೆಗೆ ಕೋಲು ಕಟ್ಟಿ ತಂತಿ ಎಳೆದ ಹಾಗೆ ಇರುತ್ತದಲ್ಲ, ನೀವೆಲ್ಲ ನೋಡಿ ನಕ್ಕಿದ್ದಿರಂತೆ, ಅದು. ಎಪ್ಪತ್ನಾಲ್ಕರಲ್ಲಿ, ಇಪ್ಪತ್ಮೂರನೆಯ ವಯಸ್ಸಿಗೆ, ನಮ್ಮವರಿಗೆ ಕೋಳಿ ಸಾಕುವುದನ್ನು ಕಲಿಸಲು ಸ್ವಯಂಸೇವಕನಾಗಿ ಬಂದ. ಬಿಳಿ ಕೋಳಿಗಳು ಬಂದವು, ಕೊಕ್ಕರೆ ರೋಗ ಬಂದು ಒಂದೇ ವಾರದಲ್ಲಿ ಎಲ್ಲವೂ ಸತ್ತವು. ಮಾಡಲು ಕೆಲಸವಿಲ್ಲದೆ ಅವನು ಸೂಟ್‌ಕೇಸಿನಷ್ಟು ದೊಡ್ಡ ಟೇಪ್ ರೆಕಾರ್ಡರ್ ಹೊತ್ತು ಹೊಲ ಹೊಲ ತಿರುಗಿದ. ಹಾಲಸ್ವಾಮಿ ಅಜ್ಜನ ಶೇಂಗಾ ಹೊಲದಲ್ಲಿ ನೀವು ಕಳೆ ತೆಗೆಯುತ್ತಿದ್ದಾಗ ಬದುವಿನ ಮೇಲೆ ಕೂತು ರೆಕಾರ್ಡ್ ಮಾಡಿದ್ದು ಇದು. ನಿನಗೆ ಆಗ ಇಪ್ಪತ್ತೆರಡು.

ಊರಿಗೆ ಹಿಂತಿರುಗಿ ಅವನು ಗಣಿ ಕಾರ್ಮಿಕರ ಮುಷ್ಕರಗಳಲ್ಲಿ, ಸಣ್ಣ ಸಣ್ಣ ಕಾಫಿ ಹೋಟೆಲುಗಳಲ್ಲಿ, ಶಾಲೆಯ ಅಂಗಳಗಳಲ್ಲಿ ಹಾಡಿದ. ಹನ್ನೊಂದು ರೆಕಾರ್ಡು ತಂದ. ದೊಡ್ಡ ಹೆಸರೇನಲ್ಲ ಅಜ್ಜಿ, ಹಳೆಯ ವ್ಯಾನು ತಾನೇ ಓಡಿಸಿಕೊಂಡು ಊರಿಂದೂರಿಗೆ ಹೋಗುತ್ತಿದ್ದ, ಅದರಲ್ಲೇ ಮಲಗುತ್ತಿದ್ದ, ಹೆಂಡತಿ ಅದಕ್ಕೇ ಬಿಟ್ಟುಹೋದಳು. ಆದರೆ ಅವನ ಹಾಡು ಕೇಳಿದವರು ಮರೆಯುತ್ತಿರಲಿಲ್ಲವಂತೆ. ಪ್ರತಿ ಸಭೆಯ ಕೊನೆಯಲ್ಲಿ ಅವನು ಹಾಡುತ್ತಿದ್ದುದು ನಿನ್ನ ಕಳೆಯ ಪದ. ಅದೂ ಕನ್ನಡದಲ್ಲೇ, ಬ್ಯಾಂಜೊ ಹಿಡಿದು. ಪೆನ್‌ಡ್ರೈವಿನಲ್ಲಿ ಅಂಥ ಒಂದು ಸಭೆಯ ವಿಡಿಯೋ ಇದೆ. ನೆರೆತ ಗಡ್ಡದ ಮುದುಕ ಕಣ್ಣು ಮುಚ್ಚಿಕೊಂಡು "ಲೇ ದುರುಗಾ, ಬದುವಿನ ಮ್ಯಾಲೆ ಕುಂದ್ರಂದ್ರ ಕುಂದ್ರಬೇಕು" ಎಂದು ರಾಗ ಎಳೆಯುತ್ತಾನೆ, ಎದುರಿಗಿರುವ ಮುನ್ನೂರು ಬಿಳಿಯರು ಎದ್ದು ನಿಂತು ಅದನ್ನೇ ಮೂರು ಸಲ ಹೇಳುತ್ತಾರೆ. ಹೆಂಗಸೊಬ್ಬಳು ಕಣ್ಣೊರೆಸಿಕೊಳ್ಳುತ್ತಾಳೆ. ಚಿಕ್ಕವನಿದ್ದ ನನ್ನ ಅಪ್ಪನಿಗೆ ನೀನು ಬೈದದ್ದು ಅವರಿಗೆ ಪಲ್ಲವಿ! ನಾನು ಅಂಗಡಿಯಲ್ಲಿ ಬಿದ್ದು ಬಿದ್ದು ನಕ್ಕೆ. ಮಂಜಣ್ಣ "ಹುಚ್ಚು ಹಿಡೀತೇನ್ಲೇ" ಎಂದ. ಆಮೇಲೆ ನಗು ನಿಂತುಹೋಯಿತು, ಯಾಕೆಂದರೆ ಹಾಡು ಮುಗಿದ ಮೇಲೆ ಅವನು ಕೈಮುಗಿದು ಇಂಗ್ಲಿಷಿನಲ್ಲಿ ಹೇಳುತ್ತಾನೆ, ಇದು ನನ್ನದಲ್ಲ, ಗುಡೇಕೋಟೆಯ ಹಾಲಸ್ವಾಮಿ ಎಂಬ ಕವಿಯದು ಎಂದು. ಐವತ್ತು ವರ್ಷ ಹೀಗೇ ಹೇಳಿದ್ದಾನೆ. ಕದ್ದವನಲ್ಲ, ಸುಳ್ಳನಲ್ಲ. ಅದೇ ನನಗೆ ಸಂಕಟ, ಬೈಯಲು ಒಬ್ಬ ಕೆಟ್ಟವನೂ ಸಿಗುತ್ತಿಲ್ಲ.

ತಪ್ಪು ಎಲ್ಲಾಯಿತು ಎಂದು ನನಗೆ ತಿಳಿಯಲು ಎರಡು ದಿನ ಬೇಕಾಯಿತು. ಹಾಡಿನ ಕೊನೆಗೆ "ಹಾಲಸ್ವಾಮಿಯ ಹೆಸರ್ಹೇಳಿ ಪದವ ಮುಗಿಸೇವು" ಎನ್ನುತ್ತೀರಿ. ಸಾಹೇಬನಿಗೆ ಅರ್ಥ ಹೇಳಿಕೊಟ್ಟವರು ಶಿವಶಂಕರ ಮೇಷ್ಟ್ರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರಲ್ಲ, ಅವರು. ಪದದ ಕೊನೆಯಲ್ಲಿ ಬರುವ ಹೆಸರು ಪದ ಕಟ್ಟಿದವನ ಅಂಕಿತ ಎಂದು ಅವರು ವರ್ಷವರ್ಷ ಹುಡುಗರಿಗೆ ಪಾಠ ಮಾಡಿದವರು, ಸಾಹೇಬನಿಗೂ ಅದನ್ನೇ ಹೇಳಿದರು. ಅಂಕಿತ ಗೊತ್ತಿಲ್ಲದ ಯಾರಾದರೂ ಪರ ಊರಿನವನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, "ಯಾರವ್ವಾ ಈ ಹಾಲಸ್ವಾಮಿ" ಎಂದು ನಿಮ್ಮನ್ನೇ ಕೇಳುತ್ತಿದ್ದ. ಕಳೆಯ ಪದದಲ್ಲಿ ಕೊನೆಗೆ ಬರುವುದು ಹೊಲದ ಯಜಮಾನನ ಹೆಸರು, ಇವತ್ತು ಒಬ್ಬನದು ನಾಳೆ ಇನ್ನೊಬ್ಬನದು, ಅವನ ಮನೆ ಚೆನ್ನಾಗಿರಲಿ ಎಂದು ಹೇಳಿ ಕುರ್ಪಿ ಕೆಳಗಿಡುವ ಪದ್ಧತಿ ಎಂದು ಕೂಲಿಗೆ ಹೋದ ಯಾವ ಹೆಂಗಸಾದರೂ ಹೇಳುತ್ತಿದ್ದಳು. ಮೇಷ್ಟ್ರು ಕೂಲಿಗೆ ಹೋದವರಲ್ಲ.

ಇದಕ್ಕೆ ಸಾಕ್ಷಿ ಟೇಪಿನಲ್ಲೇ ಇದೆ. ಸಾಹುಕಾರರು ಬೇಡ ಎಂದ ಉಳಿದ ಭಾಗವನ್ನೂ ನಾನು ಕೇಳಿದೆ, ಒಟ್ಟು ನಲವತ್ತೊಂದು ನಿಮಿಷ. ಮಾರನೆಯ ದಿನ ಪಾಲಯ್ಯನ ಹೊಲದಲ್ಲಿ ಇದೇ ಪದ, ಇದೇ ರಾಗ, ಇದೇ ದನಿ, ಕೊನೆಗೆ "ಪಾಲಯ್ಯನ ಹೆಸರ್ಹೇಳಿ ಪದವ ಮುಗಿಸೇವು." ನಾನು ಪೆನ್‌ಡ್ರೈವ್ ತೆಗೆದುಕೊಂಡು ಕೂಡ್ಲಿಗಿಗೆ, ಸಾಹುಕಾರರ ಗೊಬ್ಬರದ ಅಂಗಡಿಗೆ ಹೋದೆ. ಪೂರ್ತಿ ಕೇಳಿಸಿದೆ. ಅವರು ಏನೆಂದರು ಗೊತ್ತೇ? "ನಮ್ಮಪ್ಪ ದೊಡ್ಡ ಮನಸ್ಸಿನವರಪ, ಪಾಲಯ್ಯಗೂ ಒಂದು ಬರ್ದು ಕೊಟ್ಟಿರಬೇಕು" ಎಂದರು! ನಾನು ಬಿಡಲಿಲ್ಲ. ಅಂಗಡಿಯಲ್ಲಿ ಯೂರಿಯಾ ಒಯ್ಯಲು ಬಂದವರೆಲ್ಲ ನೋಡುತ್ತಿದ್ದರು. ಆಗ ಅವರು "ಹೆಸ್ರಿನ ಕಲ್ಲು ಕೆತ್ತಿಸಿ ಆಗೈತಿ, ಪಿಯುಸಿ ಮುಗಿಸಲಾರದಂವ ನನಗ ಚರಿತ್ರೆ ಹೇಳ್ತೀಯೇನ್" ಎಂದರು. ಪಿಯುಸಿ ಮುಗಿಸಲಿಲ್ಲ ನಿಜ. ಲ್ಯಾಬಿನಲ್ಲಿ ಮಾಡದ ಪ್ರಯೋಗವನ್ನು ಮಾಡಿದೆ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯಿರಿ ಎಂದರು ಕಾಲೇಜಿನವರು, ಬರೆಯಲಾರೆ ಎಂದೆ, ಅಲ್ಲಿಂದ ಶುರುವಾಗಿ ಒಂದಕ್ಕೊಂದು ಬೆಳೆದು ಹೊರಗೆ ಬಂದೆ. ಆಮೇಲೆ ಗ್ಯಾರೇಜು, ಪೆಟ್ರೋಲ್ ಬಂಕು, ಈಗ ಮೈಕ್‌ಸೆಟ್ಟು. ಎಲ್ಲೂ ಕಾಲು ನಿಲ್ಲುವುದಿಲ್ಲ ಎಂದು ನೀನೂ ಬೈಯುತ್ತೀ. ಇಲ್ಲಾದರೂ ನಿಂತಿತ್ತು, ಈಗ ಇದು.

ಮಂಜಣ್ಣ ಕೆಟ್ಟವನಲ್ಲ. "ಲೇ ಸತ್ಯವಂತಾ, ಮೈಕ್ ನಮ್ದು, ಮಾತು ಅವರ್ದು. ಇಷ್ಟ ನಮ್ಮ ದಂಧೆ" ಎಂದ. ಇನ್ನು ಪ್ರಚಾರಕ್ಕೆ ಹೋಗಲಾರೆ ಎಂದೆ. "ಹೋಗಬ್ಯಾಡ, ನಿನ್ನ ದನಿ ಕಾರ್ಡಿನಾಗ ಐತಲ್ಲ" ಎಂದು ಬೇರೆಯವನನ್ನು ಕೂರಿಸಿ ಆಟೋ ಕಳಿಸಿಬಿಟ್ಟ. ನಿನ್ನೆ ನಾನು ಕೊಟ್ಟೂರಿನಲ್ಲಿ ಒಂದು ಆಂಪ್ಲಿಫೈಯರ್ ರಿಪೇರಿಗೆ ಕೊಡಲು ಹೋಗಿದ್ದೆ. ರಸ್ತೆಯ ಆ ತುದಿಯಿಂದ ನನ್ನದೇ ದನಿ ಬಂತು, ಎದುರಿಗೆ ಹಾದು ಹೋಯಿತು, ಈ ತುದಿಗೆ ಹೋಗಿ ತಿರುಗಿತು. ನಿಲ್ಲಿಸು ಎಂದು ಕೂಗಿದೆ. ಹಾರ್ನಿನ ಮುಂದೆ ನನ್ನ ಕೂಗು ಯಾರಿಗೆ ಕೇಳಬೇಕು?

ನೀನು ಊರು ಬಿಟ್ಟಿದ್ದು ಅನ್ನದಾನಮ್ಮನವರ ಮುಖ ನೋಡಿಕೊಂಡು ಎಂದು ಅವ್ವ ಹೇಳಿದಳು. ಹಾಲಸ್ವಾಮಿ ಅಜ್ಜನ ಹೆಂಡತಿ, ಅಪ್ಪ ಹುಟ್ಟಿದಾಗ ನಿನಗೆ ತಿಂಗಳು ಪೂರ್ತಿ ಬಾಣಂತಿ ಅಡುಗೆ ಕಳಿಸಿದವರು, ಅವರು ಬದುಕಿರುವವರೆಗೆ ಅವರ ಗಂಡನ ಹೆಸರಿಗೆ ಕೈ ಹಚ್ಚಬಾರದು ಎಂದೆಯಂತೆ. ನನಗೆ ಇದು ನ್ಯಾಯ ಅನಿಸಿತು, ಒಂದು ಇಡೀ ದಿನ ಸುಮ್ಮನಿದ್ದೆ. ಆದರೆ ಅವರ ಮನಸ್ಸು ನಾವೇ ಯಾಕೆ ತೀರ್ಮಾನಿಸಬೇಕು ಎಂದು ಅವರ ಮನೆಗೇ ಹೋದೆ. ಬೈಯಬೇಡ. ಎಂಬತ್ತೆರಡು ವರ್ಷದ ಆ ಅಮ್ಮ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದರು. ಹೇಳಿದೆ. ಕುಟ್ಟುವುದು ನಿಲ್ಲಿಸಿ ನಕ್ಕರು ನೋಡು, ಕಣ್ಣಲ್ಲಿ ನೀರು ಬರುವಷ್ಟು. "ನಮ್ಮವರು ಹಾಡ್ತಿದ್ರೇನೋ? ಮಂಗಳಾರತಿ ಪದ ಹಿಡೀರಿ ಅಂದ್ರ ಕೆಮ್ಮು ಬರ್ತಿತ್ತು ಅವರಿಗೆ" ಎಂದರು. ಸಾಹೇಬನ ಮೊದಲ ರೆಕಾರ್ಡು ಅಂಚೆಯಲ್ಲಿ ಬಂದಾಗ ಹಾಲಸ್ವಾಮಿ ಅಜ್ಜನೇ ನಿನ್ನ ಹೆಸರು ಹಿಡಿದು ಮೇಷ್ಟ್ರಿಗೆ "ತಿದ್ದಿ ಬರೀರಿ, ಇದು ಹುಲುಗಿ ಪದ" ಎಂದಿದ್ದರಂತೆ. ಮೇಷ್ಟ್ರು ಬರೆಯುತ್ತೇನೆ ಬರೆಯುತ್ತೇನೆ ಎಂದರು, ತಮ್ಮ ತಪ್ಪು ತಾವೇ ಬರೆಯಲು ನಾಚಿದರೋ ಏನೋ, ಬರೆಯದೆಯೇ ತೀರಿಹೋದರು. ಇದನ್ನೆಲ್ಲ ನಿಮ್ಮ ಮಗನಿಗೆ ಹೇಳಿ ಎಂದೆ. "ಹೇಳೀನಪ. ಅವ್ವಗ ಅರುವು ಮರುವು ಅಂತಾನ. ಹೋದ ತಿಂಗಳದ ಬ್ಯಾಳಿ ರೇಟು ಕೇಳು, ಎಲ್ಲಾ ನೆನಪೈತಿ ನನಗ" ಎಂದರು. ಬರುವಾಗ ನನ್ನ ಕೈ ಹಿಡಿದು ಹೇಳಿದ ಮಾತನ್ನು ಇದ್ದಂತೆ ಬರೆಯುತ್ತೇನೆ: "ಹುಲುಗಿಗೆ ಹೇಳು, ನಾ ಮುಂದಿನ ಸಾಲಿನಾಗ ಕುಂದ್ರತೀನಿ. ಆಕಿ ಬಂದು ಹಾಡ್ಲಿ. ಬರಲಿಲ್ಲಂದ್ರ ನಾನೂ ಹೋಗಂಗಿಲ್ಲ."

ಇನ್ನು ನಿನಗೆ ಯಾವ ನೆಪ ಉಳಿಯಿತು? ಅರ್ಚನಾ, ಇಲ್ಲಿ ಸ್ವಲ್ಪ ನಿಲ್ಲಿಸಿ ಅಜ್ಜಿಯ ಮುಖ ನೋಡು.

ಅತಿಥಿಯಾಗಿ ಬರುವವಳು ಸಾಹೇಬನ ಮಗಳು ನೋರಾ. ಅವಳ ಇಮೇಲ್ ಆಮಂತ್ರಣ ಪತ್ರಿಕೆಯಲ್ಲೇ ಇತ್ತು. ಫೋನಿನಲ್ಲಿ ಅನುವಾದ ಮಾಡಿಕೊಂಡು, ನನಗೆ ತಿಳಿದಷ್ಟನ್ನೂ, ಪ್ರಚಾರ ಮಾಡಿದವನು ನಾನೇ ಎನ್ನುವುದನ್ನೂ ಬರೆದೆ. ಉದ್ದನೆಯ ಉತ್ತರ ಬಂತು, ಮೇಲೆ ಬರೆದ ಸಂಗತಿಯೆಲ್ಲ ಅದರಿಂದಲೇ ತಿಳಿದದ್ದು. ಸಾಹೇಬ ಈ ಫೆಬ್ರವರಿಯಲ್ಲಿ ತೀರಿಕೊಂಡ. ಕೊನೆಯ ಎರಡು ವರ್ಷ ಗಂಟಲು ಹೋಗಿ ಹಾಡಲಾಗುತ್ತಿರಲಿಲ್ಲ, ಆಗ ದಿನವೂ ಈ ಟೇಪು ಹಾಕಿಸಿಕೊಂಡು ಕೇಳುತ್ತಿದ್ದನಂತೆ. ಕವಿಯ ಹೆಸರು ಬರೆದುಕೊಂಡೆ, ಹಾಡಿದವಳ ಹೆಸರು ಕೇಳಲಿಲ್ಲ, ಎಂಥ ಮೂರ್ಖ ನಾನು ಎಂದು ಮಗಳ ಮುಂದೆ ಹೇಳುತ್ತಿದ್ದನಂತೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಆ ಹೆಂಗಸು ಬದುಕಿದ್ದಾಳೆಯೇ? ಬದುಕಿದ್ದಾಳೆ, ಚೆನ್ನಾಗಿದ್ದಾಳೆ, ಮಗಳ ಮನೆಗೆ ಓಡಿಹೋಗಿದ್ದಾಳೆ ಎಂದು ಬರೆದೆ. ಸುಳ್ಳು ಬರೆಯಬೇಕಿತ್ತು ಎನ್ನುತ್ತೀಯಾ?

ಕಲ್ಲು ಒಡೆಸು ಎಂದು ನಾನು ಹೇಳುತ್ತಿಲ್ಲ. ರಂಗಮಂದಿರಕ್ಕೆ ಅವರ ಅಪ್ಪನ ಹೆಸರು ಇರಲಿ, ಅವರ ಜಾಗ, ಅವರು ಕಟ್ಟಿಸಿದ್ದು. ಆದರೆ ಪದ ನಿನ್ನದು ಎಂದು ನಾನು ಹೇಳಿದರೆ ಯಾರೂ ನಂಬುವುದಿಲ್ಲ, ನಾನು ಎಲ್ಲ ಕಡೆ ಜಗಳ ಮಾಡಿ ಬಂದವನು. ನೀನು ಎದ್ದು ನಿಂತು ಎರಡು ಸಾಲು ಹಾಡಿದರೆ, ನನ್ನ ಹಾಗೆ ಯಾರೊಡನೆಯೂ ವಾದಿಸಬೇಕಾಗಿಲ್ಲ. ದನಿ ಒಡೆದಿದೆ ಎನ್ನುತ್ತೀ, ಒಡೆದಿದ್ದರೆ ಮೈಕ್‌ಸೆಟ್ಟಿನಲ್ಲಿ ನಾನಿದ್ದೇನೆ. ಅವತ್ತೊಂದು ದಿನ ಸಾಹುಕಾರರ ಸಮಾರಂಭದ ಕೆಲಸಕ್ಕೆ ಬರುತ್ತೇನೆ ಎಂದು ಮಂಜಣ್ಣನಿಗೆ ಹೇಳಿದ್ದೇನೆ. ಕೊನೆಯ ಸಾಲಿನಲ್ಲಿ ಯಾರ ಹೆಸರು ಹಾಕುತ್ತೀ ಎನ್ನುವುದನ್ನು ನಾನು ಹೇಳುವುದಿಲ್ಲ. ವೇದಿಕೆ ಯಾರ ಹೊಲವೂ ಅಲ್ಲ. ಹಾಲಸ್ವಾಮಿ ಅಜ್ಜನದನ್ನೇ ಹಾಕಿದರೂ ನನಗೆ ಒಪ್ಪಿಗೆ, ಹಾಕಿದವಳು ನೀನು ಎಂದು ಜನಕ್ಕೆ ಕಂಡರೆ ಸಾಕು. ಇಪ್ಪತ್ತೆರಡರ ಶನಿವಾರ ಮಧ್ಯಾಹ್ನ ಮಂಜಣ್ಣನ ಬೈಕು ತೆಗೆದುಕೊಂಡು ಬರುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಕಟ್ಟೆಯ ಮೇಲೆ ಕೂರುತ್ತೇನೆ. ನನ್ನ ಹಟ ಎಲ್ಲಿಂದ ಬಂತು ಎಂದು ಶಿವಮ್ಮತ್ತೆಯನ್ನು ಕೇಳು.

ಶಿವಮ್ಮತ್ತೆಗೆ, ಮಾಮನಿಗೆ ನನ್ನ ನಮಸ್ಕಾರ ಮುಟ್ಟಿಸು. ಅರ್ಚನಾ ಓದಿದ್ದಕ್ಕೆ ಒಂದು ಡೈರಿ ಮಿಲ್ಕ್ ತರುತ್ತೇನೆ. ಸಿಟ್ಟಿನಲ್ಲಿ ಏನಾದರೂ ಹೆಚ್ಚು ಬರೆದಿದ್ದರೆ ತಲೆಯ ಮೇಲೆ ಒಂದು ಮೊಟಕಿ ಮರೆತುಬಿಡು. ಬರೆದದ್ದನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ.

ನಿನ್ನ ಕಾಲಿಗೆ ಇಲ್ಲಿಂದಲೇ ಬೀಳುವ ಮೊಮ್ಮಗ,
ಮಾರೇಶ್

ತಾ.ಕ.: ಅರ್ಚನಾ, ಇದನ್ನು ಕಟ್ಟೆಯ ಮೇಲೆ ಓದಬೇಡ, ಅಜ್ಜಿಯನ್ನು ಒಳಗೆ ಕರೆದುಕೊಂಡು ಹೋಗಿ ಕೂರಿಸಿ ಓದು. ಅಜ್ಜಿ, ಒಂದು ಸಂಗತಿಯನ್ನು ಮೇಲೆ ಬರೆಯದೆ ಮುಚ್ಚಿಟ್ಟಿದ್ದೆ. ಅದನ್ನು ತೋರಿಸಿ ನಿನ್ನನ್ನು ಕರೆಯುವುದು ಮೋಸ ಅನಿಸಿತ್ತು. ಬರೆಯದಿರುವುದು ಅದಕ್ಕಿಂತ ದೊಡ್ಡ ಮೋಸ ಎಂದು ಲಕೋಟೆ ಅಂಟಿಸುವಾಗ ಅನಿಸಿತು. ಸಮಾರಂಭದಲ್ಲಿ ಹಾಕುವ ಆರು ನಿಮಿಷದ ರೆಕಾರ್ಡಿನಲ್ಲಿ "ಲೇ ದುರುಗಾ" ಎಂದು ಬೈದ ಹಿಂದೆಯೇ ಮುಂದಿನ ಸಾಲು ಬರುತ್ತದೆ. ಉಳಿದ ಭಾಗದಲ್ಲಿರುವ ಪೂರ್ತಿ ಟೇಪಿನಲ್ಲಿ ನಡುವೆ ಎರಡು ನಿಮಿಷ ಇದೆ, ಸಾಹೇಬ ರೆಕಾರ್ಡಿಗೆ ಅದನ್ನು ಕತ್ತರಿಸಿದ್ದಾನೆ. ಅದರಲ್ಲಿ ಅಪ್ಪ ಮಾತಾಡುತ್ತಾನೆ. ಮೂರು ವರ್ಷದವನು. "ಅವ್ವಾ, ಇರುವಿ ಕಡೀತು, ಬಾ" ಎನ್ನುತ್ತಾನೆ. ನೀನು "ತಡೀ ಮಗಾ, ಈ ಸಾಲು ಮುಗಿಸಿ ಬರ್ತೀನಿ" ಎನ್ನುತ್ತೀ. ಅವನು ಮತ್ತೆ "ಅವ್ವಾ" ಎನ್ನುತ್ತಾನೆ. ಸಾಲು ಮುಗಿಯುವುದಿಲ್ಲ, ಕುರ್ಪಿ ಬಿದ್ದ ಸದ್ದು ಕೇಳುತ್ತದೆ, ಆಮೇಲೆ ನೀನು ಬದುವಿನ ಹತ್ತಿರ, ಟೇಪಿಗೆ ತೀರ ಹತ್ತಿರ, ಅವನ ಕಾಲು ಉಜ್ಜುತ್ತ ಏನೋ ಹೇಳುತ್ತೀ, ಅವನು ನಗುತ್ತಾನೆ. ಅಪ್ಪ ಹೋಗಿ ಎಂಟು ವರ್ಷವಾಯಿತು, ನಮ್ಮ ಬಳಿ ಅವನ ದನಿ ಎಲ್ಲೂ ಇರಲಿಲ್ಲ. ಆ ಎರಡು ನಿಮಿಷವನ್ನಷ್ಟೇ ಮೆಮೊರಿ ಕಾರ್ಡಿಗೆ ಹಾಕಿ, ಈ ಕಾಗದದ ಮಡಿಕೆಯಲ್ಲಿ ಅಂಟಿಸಿದ್ದೇನೆ. ಅರ್ಚನಾಳ ಫೋನಿಗೆ ಹಾಕಿಸಿ ಕೇಳು. ಭಾನುವಾರ ನೀನು ಬರದಿದ್ದರೂ ಇದು ನಿನ್ನದೇ.